ಗ್ಲೂಕೋಸ್ ಮುಗಿದರೂ ನನ್ನ ಇ. ಕೋಲಿ ನಿಲ್ಲಲೇ ಇಲ್ಲ, ಎಲ್ಲಿ ಎಡವಟ್ಟಾಯ್ತು?

ತೆಂಗಿನಗರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಕೊನೇ ವರ್ಷ, ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಒಂದು ಪ್ರಾಕ್ಟಿಕಲ್ ವಾರದಿಂದ ತಲೆ ತಿನ್ನುತ್ತಿದೆ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಪುಸ್ತಕದಲ್ಲಿ ಇರೋದು ಇಷ್ಟು. ಇ. ಕೋಲಿ ಬ್ಯಾಕ್ಟೀರಿಯಾಗೆ ಗ್ಲೂಕೋಸ್, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಎರಡನ್ನೂ ಒಟ್ಟಿಗೆ ಕೊಟ್ಟರೆ ಮೊದಲು ಗ್ಲೂಕೋಸ್ ಖಾಲಿ ಮಾಡುತ್ತದೆ. ಆಮೇಲೆ ಸ್ವಲ್ಪ ಹೊತ್ತು ಬೆಳೆಯೋದೇ ನಿಲ್ಲುತ್ತದೆ. ಆಮೇಲೆ ಲ್ಯಾಕ್ಟೋಸ್‌ಗೆ ಕೈ ಹಾಕುತ್ತದೆ. ಗ್ರಾಫ್ ಹಾಕಿದರೆ ಎರಡು ಏರು, ನಡುವೆ ಒಂದು ಸಪಾಟು ಜಾಗ. ಡಯಾಕ್ಸಿ ಅಂತ ಹೆಸರು.

ನಾವು ಮಾಡಿದ್ದು ಹೀಗೆ. ಬರೀ ಲವಣಗಳ ಮಿನಿಮಲ್ ಮೀಡಿಯಂ, ಅದಕ್ಕೆ ಲೀಟರಿಗೆ ಅರ್ಧ ಗ್ರಾಂ ಗ್ಲೂಕೋಸ್, ಒಂದೂವರೆ ಗ್ರಾಂ ಲ್ಯಾಕ್ಟೋಸ್. 37 ಡಿಗ್ರಿ, ಶೇಕರ್ ಮೇಲೆ. ಅರ್ಧ ಗಂಟೆಗೊಮ್ಮೆ 600 ನ್ಯಾನೋಮೀಟರಿನಲ್ಲಿ ಓಡಿ (ಆಪ್ಟಿಕಲ್ ಡೆನ್ಸಿಟಿ, ಬ್ಯಾಕ್ಟೀರಿಯಾ ಬೆಳೆದು ದ್ರವ ಎಷ್ಟು ಕದಡಿದೆ ಅನ್ನೋ ಅಳತೆ) ನೋಡಿದೆವು. ನನ್ನ ರೀಡಿಂಗ್: 0.10, 0.14, 0.20, 0.29, 0.40, 0.55, 0.70, 0.92, 1.20.

ಸಪಾಟು ಎಲ್ಲಿದೆ ಹೇಳಿ? 0.55 ಆದಮೇಲೆ ಗೆರೆ ಒಂಚೂರು ಬಗ್ಗಿದೆ ಅಷ್ಟೇ. ಆಮೇಲೆ ಮತ್ತೆ ಸಲೀಸಾಗಿ ಹತ್ತಿದೆ. ಮೇಷ್ಟ್ರಿಗೆ ತೋರಿಸಿದರೆ "ನೀನು ರೀಡಿಂಗ್ ತಗೊಂಡಿದ್ದೇ ತಪ್ಪು, ಸೀನಿಯರ್ ರೆಕಾರ್ಡ್ ನೋಡಿ ಬರಿ" ಅಂದರು. ಸೀನಿಯರ್ ರೆಕಾರ್ಡ್ ನೋಡಿದೆ. ಅದರಲ್ಲಿ ಸಪಾಟು ಸ್ಕೇಲ್ ಇಟ್ಟು ಎಳೆದ ಹಾಗಿದೆ, ಅದರ ಹಿಂದಿನ ವರ್ಷದವರದ್ದೂ ಅದೇ ನಂಬರು, ದಶಮಾಂಶ ಸಮೇತ! ಸುಮ್ನೆ ಅದನ್ನೇ ಇಳಿಸಿಬಿಡಬಹುದು, ಮಾರ್ಕ್ಸೂ ಬರುತ್ತದೆ. ಆದರೆ ನನ್ನ ಫ್ಲಾಸ್ಕಿನಲ್ಲಿ ನಿಜವಾಗಿ ಏನು ನಡೆಯಿತು ಅಂತ ಗೊತ್ತಾಗಬೇಕು.

ಇನ್ನೊಂದು ಡೌಟು. ಲ್ಯಾಕ್ಟೋಸ್ ಕೋಶದ ಒಳಗೆ ಬರಬೇಕಾದರೆ ಪರ್ಮಿಯೇಸ್ ಅನ್ನೋ ಸಾಗಣೆ ಪ್ರೋಟೀನು ಬೇಕು. ಪರ್ಮಿಯೇಸ್ ತಯಾರಾಗಬೇಕಾದರೆ ಲ್ಯಾಕ್ಟೋಸ್ ಒಳಗೆ ಬಂದಿರಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಕಥೆ ಆಯ್ತಲ್ಲ. ಹಾಗಾದರೆ ಮೊದಲು ಶುರುವಾಗೋದು ಹೇಗೆ?

ಬಸ್ಸಾರುಪ್ರಿಯ, ಚಿಂತಾಮಣಿ

ಬಾಡೂಟದ ಎಲೆ ಮುಂದಿದ್ದರೆ ತಂಗಳನ್ನ ಯಾರು ಮುಟ್ಟುತ್ತಾರೆ, ಅಷ್ಟೇ ಕಥೆ 😄 ಉಳಿದದ್ದು ಗೊತ್ತಿರುವವರು ಹೇಳಲಿ.

ಬೆಟ್ಟದಬುಡ, ಚಿಕ್ಕಬಳ್ಳಾಪುರ

ತಂಗಿ, ನಿನ್ನ ರೀಡಿಂಗ್‌ನಲ್ಲಿ ತಪ್ಪೇನೂ ಕಾಣುತ್ತಿಲ್ಲ. ಲೀಟರಿಗೆ ಅರ್ಧ ಗ್ರಾಂ ಗ್ಲೂಕೋಸ್ ಅಂದರೆ ಓಡಿ ಹೆಚ್ಚುಕಡಿಮೆ 0.6ರ ಹತ್ತಿರ ಬಂದಾಗ ಅದು ಮುಗಿಯಬೇಕು. ನಿನ್ನ ಗೆರೆ ಬಗ್ಗಿರೋದೂ ಅಲ್ಲೇ. ಬಗ್ಗಿದ ಮೇಲೆ ಸ್ವಲ್ಪ ನಿಧಾನವಾಗಿ ಏರಿದೆ, ಲ್ಯಾಕ್ಟೋಸ್ ಮೇಲೆ ಹಾಗೆ ನಿಧಾನವಾಗಿ ಬೆಳೆಯೋದು ಸಹಜ. ಅಂದರೆ ಗ್ಲೂಕೋಸ್‌ನಿಂದ ಲ್ಯಾಕ್ಟೋಸ್‌ಗೆ ದಾಟಿದ್ದು ನಿಜ, ನಡುವೆ ಕೂತು ಸುಧಾರಿಸಿಕೊಂಡಿಲ್ಲ ಅಷ್ಟೇ. ಯಾಕೆ ಕೂರಲಿಲ್ಲ ಅನ್ನೋದು ಪ್ರಶ್ನೆ.

ಮೊದಲು ಆ ಸಪಾಟು ಯಾಕೆ ಬರುತ್ತದೆ ನೋಡು. ನಮ್ಮ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಹುಳು ಹಣ್ಣಾಗುವವರೆಗೆ ಚಂದ್ರಿಕೆ (ಹುಳು ಗೂಡು ಕಟ್ಟೋ ತಟ್ಟೆ) ಯಾರೂ ಹರಡಿ ಕೂರಲ್ಲ, ಜಾಗ ಸಾಲದು, ಕೆಲಸಕ್ಕೂ ಅಡ್ಡ. ಬ್ಯಾಕ್ಟೀರಿಯಾ ಲೆಕ್ಕವೂ ಹೀಗೇ. ಲ್ಯಾಕ್ಟೋಸ್ ತಿನ್ನೋಕೆ ಮುಖ್ಯವಾಗಿ ಎರಡು ಸಾಮಾನು ಬೇಕು. ಒಂದು ಬಾಗಿಲು, ಅದೇ ಪರ್ಮಿಯೇಸ್. ಇನ್ನೊಂದು ಕತ್ತರಿ, ಬೀಟಾ ಗ್ಯಾಲಕ್ಟೋಸಿಡೇಸ್, ಇದು ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಕತ್ತರಿಸುತ್ತದೆ. ಈ ಕತ್ತರಿ ಸಣ್ಣದಲ್ಲ. ಸಾವಿರಕ್ಕೂ ಜಾಸ್ತಿ ಅಮೈನೋ ಆಮ್ಲಗಳ ಸರಪಳಿ, ಅಂಥ ನಾಲ್ಕು ಸೇರಿದರೆ ಒಂದು ಕತ್ತರಿ. ಬೇಡದಿದ್ದಾಗ ಇದನ್ನು ಸಾವಿರಗಟ್ಟಲೆ ಮಾಡಿಟ್ಟುಕೊಳ್ಳೋದು ದಂಡ. ಅದಕ್ಕೇ ಜೀನುಗಳನ್ನು ಮುಚ್ಚಿಟ್ಟಿರುತ್ತದೆ. ಲ್ಯಾಕ್ ಜೆಡ್, ಲ್ಯಾಕ್ ವೈ, ಲ್ಯಾಕ್ ಎ ಮೂರೂ ಸಾಲಾಗಿವೆ, ಮೂರಕ್ಕೂ ಒಂದೇ ಸ್ವಿಚ್ಚು. ಪಕ್ಕದ ಲ್ಯಾಕ್ ಐ ಜೀನಿನಿಂದ ಬರುವ ರಿಪ್ರೆಸರ್ ಅನ್ನೋ ತಡೆ ಪ್ರೋಟೀನು ಆ ಸ್ವಿಚ್ಚಿನ ಮೇಲೆ, ಅಂದರೆ ಆಪರೇಟರ್ ಮೇಲೆ, ಕೂತಿರುತ್ತದೆ. ಲ್ಯಾಕ್ಟೋಸ್‌ನಿಂದ ಹುಟ್ಟುವ ಅಲೋಲ್ಯಾಕ್ಟೋಸ್ ಬಂದು ಅಂಟಿಕೊಂಡಾಗ ಅದು ಅಲ್ಲಿಂದ ಕಳಚಿಕೊಳ್ಳುತ್ತದೆ.

ಗ್ಲೂಕೋಸ್ ಇದ್ದಾಗ ಸೈಕ್ಲಿಕ್ ಎಎಂಪಿ, ಅಂದರೆ ಕೋಶದೊಳಗೆ ಸುದ್ದಿ ಮುಟ್ಟಿಸುವ ಸಣ್ಣ ಅಣು, ಕಡಿಮೆ ಇರುತ್ತದೆ. ಅದಿಲ್ಲದೆ ಜೀನು ಓದಿಸೋಕೆ ನೆರವಾಗುವ ಸಿಎಪಿ ಅನ್ನೋ ಪ್ರೋಟೀನು ಕೆಲಸ ಮಾಡಲ್ಲ. ಅದಕ್ಕೇ ಲ್ಯಾಕ್ಟೋಸ್ ಇದ್ದರೂ ಜೀನು ಓಡಲ್ಲ. ಗ್ಲೂಕೋಸ್ ಮುಗಿದಾಗ ಎಲ್ಲವನ್ನೂ ಹೊಸದಾಗಿ ಮಾಡಿಕೊಳ್ಳಬೇಕು. ಆ ತಯಾರಿಯ ಹೊತ್ತೇ ನಿನ್ನ ಪುಸ್ತಕದ ಸಪಾಟು.

ನಿನ್ನ ಹುಚ್ಚು ಮದುವೆ ಪ್ರಶ್ನೆ ಚೆನ್ನಾಗಿದೆ, ನೀನು ಹೇಳಿದ್ದಕ್ಕಿಂತ ಅದು ಇನ್ನೂ ಒಂದು ಸುತ್ತು ಜಾಸ್ತಿ ಗಂಟು. ಅಲೋಲ್ಯಾಕ್ಟೋಸ್ ಮಾಡೋದೂ ಆ ಕತ್ತರಿಯೇ! ಬೀಗದ ಕೈ ಬೀಗ ಹಾಕಿದ ಮನೆಯೊಳಗೇ ಇದೆ. ಆದರೆ ಬೀಗ ಅಷ್ಟೇನೂ ಭದ್ರ ಅಲ್ಲ. ಒಂದು ಕೋಶದಲ್ಲಿ ರಿಪ್ರೆಸರ್ ಇರೋದೇ ಹತ್ತರ ಆಸುಪಾಸು. ಕೂತಿರೋದು ಆಗಾಗ ಜಾರುತ್ತದೆ. ಜಾರಿದ ಆ ಗಳಿಗೆಯಲ್ಲಿ ಒಂದೆರಡು ಪ್ರತಿ ಓದಿಸಿಕೊಂಡುಬಿಡುತ್ತದೆ. ಹಾಗಾಗಿ ಪೂರ್ತಿ ಆಫ್ ಆಗಿರುವ ಕೋಶದಲ್ಲೂ ಬೆರಳೆಣಿಕೆಯಷ್ಟು ಬಾಗಿಲು, ಬೆರಳೆಣಿಕೆಯಷ್ಟು ಕತ್ತರಿ ಇದ್ದೇ ಇರುತ್ತವೆ. ಅವುಗಳಿಂದಲೇ ಶುರು. ಒಂದು ಸಲ ನಾಲ್ಕು ಲ್ಯಾಕ್ಟೋಸ್ ನುಸುಳಿದರೆ ಬಾಗಿಲು ಜಾಸ್ತಿ ಆಗುತ್ತದೆ, ಬಾಗಿಲು ಜಾಸ್ತಿ ಆದರೆ ಇನ್ನಷ್ಟು ಲ್ಯಾಕ್ಟೋಸ್ ಬರುತ್ತದೆ, ಹೀಗೆ ಹತ್ತಿಕೊಂಡು ಹೋಗಿ ಕತ್ತರಿಗಳ ಸಂಖ್ಯೆ ಸಾವಿರ ಪಟ್ಟು ಏರುತ್ತದೆ.

ಈಗ ನನ್ನ ಪ್ರಶ್ನೆ. ಫ್ಲಾಸ್ಕಿಗೆ ಹಾಕಿದ ಇನಾಕ್ಯುಲಮ್, ಅಂದರೆ ಬಿತ್ತನೆಯ ಬ್ಯಾಕ್ಟೀರಿಯಾ, ಹಿಂದಿನ ರಾತ್ರಿ ಯಾವುದರಲ್ಲಿ ಬೆಳೆಸಿದ್ದು? ಸರಿಯಾಗಿ ನೆನಪು ಮಾಡಿಕೊಂಡು ಹೇಳು.

ತೆಂಗಿನಗರಿ

ಥ್ಯಾಂಕ್ಸ್ ಅಣ್ಣ. ಅಟೆಂಡರ್ ಅಣ್ಣನನ್ನು ಕೇಳಿಕೊಂಡು ಬಂದೆ. ಮಕಾಂಕಿ ಪ್ಲೇಟಿನಿಂದ ಒಂದು ಗುಲಾಬಿ ಕಾಲೊನಿ ತೆಗೆದು ಲ್ಯಾಕ್ಟೋಸ್ ಬ್ರಾತ್‌ನಲ್ಲಿ ರಾತ್ರಿಯಿಡೀ ಬಿಟ್ಟಿದ್ದರಂತೆ. ಹಿಂದಿನ ವಾರ ಅಮಾನಿಕೆರೆ ನೀರಿಗೆ ಎಂಪಿಎನ್ ಟೆಸ್ಟ್ (ನೀರಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದೆ ಅಂತ ಅಂದಾಜು ಮಾಡೋದು) ಮಾಡಿದ್ದೆವು, ಅದರ ಬ್ರಾತ್ ಮಿಕ್ಕಿತ್ತು, ಸುಮ್ನೆ ಯಾಕೆ ಚೆಲ್ಲೋದು ಅಂತ. ಓಹ್... ಅದೇನಾ?

ಬೆಟ್ಟದಬುಡ

ಅದೇ ಕಣಮ್ಮ! ಸಿಕ್ಕಿಬಿತ್ತು.

ಆ ಗುಲಾಬಿ ಬಣ್ಣ ಬಂದಿದ್ದೇ ಲ್ಯಾಕ್ಟೋಸ್ ತಿಂದು ಆಮ್ಲ ಬಿಟ್ಟಿದ್ದಕ್ಕೆ. ಆಮೇಲೆ ರಾತ್ರಿಯಿಡೀ ಮತ್ತೆ ಲ್ಯಾಕ್ಟೋಸ್. ಅಂದರೆ ಬೆಳಿಗ್ಗೆ ಹೊತ್ತಿಗೆ ಒಂದೊಂದು ಕೋಶದಲ್ಲೂ ಬಾಗಿಲು, ಕತ್ತರಿ ತುಂಬಿ ತುಳುಕುತ್ತಿದ್ದವು. ನೀವು ಅವನ್ನು ತಂದು ಗ್ಲೂಕೋಸ್‌ನಲ್ಲಿ ಬಿಟ್ಟಿರಿ. ಹೊಸದಾಗಿ ಮಾಡೋದು ನಿಂತಿತು, ಸರಿ. ಹಳೇದು ಎಲ್ಲಿ ಹೋಗುತ್ತದೆ? ಈ ಕತ್ತರಿ ಗಟ್ಟಿ ಪ್ರೋಟೀನು, ಬೇಗ ಕೊಳೆಯಲ್ಲ. ಕೋಶ ಎರಡಾದಾಗ ಮಕ್ಕಳಿಗೆ ಪಾಲಾಗುತ್ತದೆ ಅಷ್ಟೇ. ಲೆಕ್ಕ ಹಾಕು. 0.10ರಿಂದ 0.60ಕ್ಕೆ ಬರೋಕೆ ಎರಡೂವರೆ ಸಲ ದುಪ್ಪಟ್ಟಾದರೆ ಸಾಕು. ಒಂದೊಂದು ಕೋಶಕ್ಕೂ ಆರನೇ ಒಂದು ಪಾಲು ಉಳಿದಿರುತ್ತದೆ. ಸಾವಿರ ಪಟ್ಟಿನಲ್ಲಿ ಆರನೇ ಒಂದು ಪಾಲು ಅಂದರೂ ನೂರೈವತ್ತು ಪಟ್ಟಿಗಿಂತ ಜಾಸ್ತಿ. ಗ್ಲೂಕೋಸ್ ಮುಗಿದ ಕ್ಷಣ ಅಜ್ಜಿ ಮಾಡಿಟ್ಟ ಕತ್ತರಿ ಕೈಯಲ್ಲೇ ಇತ್ತು, ತಡ ಯಾಕಾಗುತ್ತದೆ?

ಇನ್ನೊಂದು. ಅರ್ಧ ಗಂಟೆಗೊಮ್ಮೆ ನೋಡಿದರೆ ಸಪಾಟು ಇದ್ದರೂ ಒಂದು ಚುಕ್ಕಿಯಷ್ಟೇ ಕಾಣುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೋಡು.

ನನ್ನದೂ ಒಂದು ಎಡವಟ್ಟು ಕೇಳು, ಬೇಕಾದರೆ ನಗು. ಮೊದಲ ಕೆಲಸಕ್ಕೆ ಸೇರಿದಾಗ ಇದೇ ಪ್ರಯೋಗ ಹೊಸಬರಿಗೆ ತೋರಿಸಿ ಅಂದಿದ್ದರು. ಫ್ರೀಜರಿನಲ್ಲಿ ಕೈಗೆ ಸಿಕ್ಕಿದ್ದು ಡಿಎಚ್5 ಆಲ್ಫಾ ಅನ್ನೋ ಇ. ಕೋಲಿ ತಳಿ. ವಿಟಮಿನ್ ಬಿ1 ಹಾಕಿ ಬೆಳೆಸಿದೆ. ಏರಿತು, ಸಪಾಟಾಯ್ತು, ಎಲ್ಲರೂ ಚಪ್ಪಾಳೆ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ. ಸಪಾಟು ಸಪಾಟಾಗೇ ಇದೆ. ಸಂಜೆ ಕಂಪನಿ ಬಸ್ಸು ಹೊರಡೋ ಹೊತ್ತಿಗೆ ಯಾರೋ ಬಂದು ಹೇಳಿದರು, ಆ ತಳಿಯಲ್ಲಿ ಲ್ಯಾಕ್ ಜೀನುಗಳನ್ನೇ ತೆಗೆದಿದ್ದಾರೆ ಮಾರಾಯ, ನಾಳೆವರೆಗೂ ಕಾಯಿ ಅಂತ. ಬ್ಲೂ ವೈಟ್ ಸ್ಕ್ರೀನಿಂಗಿಗೆ (ಹೊರಗಿನ ಡಿಎನ್‌ಎ ಸೇರಿತೋ ಇಲ್ಲವೋ ಅಂತ ಕಾಲೊನಿಯ ಬಣ್ಣದಿಂದ ಗುರುತಿಸೋದು) ಇಟ್ಟುಕೊಂಡ ತಳಿ ಅದು, ಲ್ಯಾಕ್ಟೋಸ್ ಮೇಲೆ ಬದುಕಲ್ಲ. ನಿನ್ನದು ಬೆಳೆದಿದೆಯಲ್ಲ, ನೀನೇ ಪುಣ್ಯವಂತೆ.

ಹಳೇಮೇಷ್ಟ್ರು, ಶಿರಾ

ಹುಡುಗಿ ರೀಡಿಂಗ್ ತಿದ್ದದೆ ಬಂದು ಕೇಳಿದ್ದು ಖುಷಿಯಾಯ್ತು. ಬೆಟ್ಟದಬುಡ ಅವರ ರೋಗ ಪತ್ತೆಯೂ ಸರಿ. ಆದರೆ ಒಂದು ಕಡೆ ಅವರು ಹಳೇ ಪುಸ್ತಕವನ್ನೇ ಓದಿಬಿಟ್ಟಿದ್ದಾರೆ. ನಾನೂ ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವನು, ಅದಕ್ಕೇ ತಿದ್ದುತ್ತಿದ್ದೇನೆ.

ಗ್ಲೂಕೋಸ್ ಇದ್ದರೆ ಸೈಕ್ಲಿಕ್ ಎಎಂಪಿ ಕಡಿಮೆ, ಅದಕ್ಕೇ ಲ್ಯಾಕ್ ಆಫ್. ಇದು ಪರೀಕ್ಷೆಗೆ ಸಾಕು, ಫ್ಲಾಸ್ಕಿಗೆ ಸಾಲದು. 1996ರಲ್ಲಿ ಜಪಾನಿನ ಇನಾಡಾ, ಕಿಮಾಟಾ, ಐಬಾ ಇವರೆಲ್ಲ ಕೂತು ಅಳೆದೇ ನೋಡಿದರು. ಗ್ಲೂಕೋಸ್ ಮೇಲೆ ಬೆಳೆಯುವಾಗಲೂ, ಲ್ಯಾಕ್ಟೋಸ್ ಮೇಲೆ ಬೆಳೆಯುವಾಗಲೂ ಸೈಕ್ಲಿಕ್ ಎಎಂಪಿ ಹೆಚ್ಚುಕಡಿಮೆ ಒಂದೇ! ಏರೋದು ನಡುವಿನ ಸಪಾಟು ಹೊತ್ತಿನಲ್ಲಿ, ಕೋಶ ಉಪವಾಸ ಬಿದ್ದಾಗ. ಹಾಗಾದರೆ ಗ್ಲೂಕೋಸ್ ಇದ್ದಾಗ ಲ್ಯಾಕ್ಟೋಸನ್ನು ತಡೆಯೋರು ಯಾರು?

ಬಾಗಿಲಲ್ಲೇ ತಡೆ. ಗ್ಲೂಕೋಸ್ ಒಳಗೆ ಬರುವಾಗ ಅದಕ್ಕೆ ಒಂದು ಫಾಸ್ಫೇಟು ಅಂಟಿಸಿಯೇ ಕರೆದುಕೊಳ್ಳುತ್ತಾರೆ. ಆ ಫಾಸ್ಫೇಟು ಕೈಯಿಂದ ಕೈಗೆ ದಾಟಿ ಬರುತ್ತದೆ, ನೀರಿನ ಬಿಂದಿಗೆ ದಾಟಿಸಿದ ಹಾಗೆ. ಆ ಸಾಲಿನಲ್ಲಿ ಒಬ್ಬ ಇಐಐಎ ಅಂತ, ಅವನೂ ಒಂದು ಪ್ರೋಟೀನೇ. ಗ್ಲೂಕೋಸ್ ರಭಸವಾಗಿ ಬರುತ್ತಿದ್ದರೆ ಇವನ ಕೈಯಲ್ಲಿ ಬಿಂದಿಗೆ ನಿಲ್ಲಲ್ಲ, ಕೈ ಸದಾ ಖಾಲಿ. ಖಾಲಿ ಕೈಯವನು ಹೋಗಿ ಲ್ಯಾಕ್ಟೋಸ್ ಪರ್ಮಿಯೇಸನ್ನು ಹಿಡಿದುಕೊಳ್ಳುತ್ತಾನೆ. ಬಾಗಿಲಿದ್ದರೂ ತೆರೆಯಲ್ಲ. ಲ್ಯಾಕ್ಟೋಸ್ ಒಳಗೆ ಬರದಿದ್ದರೆ ಅಲೋಲ್ಯಾಕ್ಟೋಸ್ ಇಲ್ಲ, ರಿಪ್ರೆಸರ್ ಏಳಲ್ಲ. ಗ್ಲೂಕೋಸ್ ಮುಗಿದ ಕೂಡಲೇ ಬಿಂದಿಗೆ ಅವನ ಕೈಯಲ್ಲೇ ನಿಲ್ಲುತ್ತದೆ, ಅವನು ಪರ್ಮಿಯೇಸ್ ಬಿಟ್ಟುಬಿಡುತ್ತಾನೆ, ಜೊತೆಗೆ ಸೈಕ್ಲಿಕ್ ಎಎಂಪಿ ಮಾಡುವ ಕಿಣ್ವವನ್ನೂ ಎಬ್ಬಿಸುತ್ತಾನೆ. ಒಬ್ಬನೇ ಎರಡು ಕೆಲಸ. ಸಿಎಪಿ ಬೇಡ ಅಂತ ನಾನು ಹೇಳುತ್ತಿಲ್ಲ, ಲ್ಯಾಕ್ ಪ್ರಮೋಟರ್ (ಜೀನು ಓದೋದು ಶುರುವಾಗುವ ಜಾಗ) ಬಲಹೀನ, ಅದಕ್ಕೆ ಸಿಎಪಿಯ ಆಸರೆ ಬೇಕೇಬೇಕು. ಆದರೆ ಗ್ಲೂಕೋಸ್, ಲ್ಯಾಕ್ಟೋಸ್ ಎರಡೂ ಇರುವಾಗ ಕಾವಲುಗಾರ ಸಿಎಪಿ ಅಲ್ಲ.

ನಿನ್ನ ಫ್ಲಾಸ್ಕಿಗೂ ಇದು ಹೊಂದುತ್ತದೆ ನೋಡಮ್ಮ. ಬಾಗಿಲುಗಳು ಮೊದಲೇ ಇದ್ದವು, ಗ್ಲೂಕೋಸ್ ಇರುವಷ್ಟು ಹೊತ್ತು ಇಐಐಎ ಹಿಡಿದಿಟ್ಟಿತ್ತು. ಮುಗಿದ ಕೂಡಲೇ ಕೈ ಬಿಟ್ಟಿತು. ಹೊಸದಾಗಿ ಮಾಡೋದು ಏನೂ ಇರಲಿಲ್ಲ.

ಈ ಸಪಾಟನ್ನು ಮೊದಲು ಸರಿಯಾಗಿ ಹಿಡಿದದ್ದು ಫ್ರಾನ್ಸಿನ ವಿಜ್ಞಾನಿ ಜಾಕ್ ಮೊನೋ. ಪ್ಯಾರಿಸ್ ಜರ್ಮನರ ಕೈಯಲ್ಲಿದ್ದ ಕಾಲ, 1941ರಲ್ಲಿ ಸೋರ್ಬೋನ್‌ಗೆ ಕೊಟ್ಟ ಪ್ರಬಂಧದಲ್ಲಿ ಇದಿದೆ. ಆಗ ಜೀನು ಡಿಎನ್‌ಎಯಲ್ಲಿದೆ ಅಂತಲೂ ಗೊತ್ತಿರಲಿಲ್ಲ. ಆತನ ಹತ್ತಿರ ಇದ್ದದ್ದು ನಿನ್ನ ಹತ್ತಿರ ಇರುವಂಥದ್ದೇ, ಫ್ಲಾಸ್ಕು, ಸಕ್ಕರೆ, ಕದಡಿದ ನೀರನ್ನು ಅಳೆಯುವ ಉಪಾಯ. ಅಲ್ಲಿಂದ ಇಪ್ಪತ್ತು ವರ್ಷ ಹಿಡಿದು 1961ರಲ್ಲಿ ಫ್ರಾಂಸ್ವಾ ಜಾಕೋಬ್ ಜೊತೆ ಆಪರಾನ್, ಅಂದರೆ ಒಂದೇ ಸ್ವಿಚ್ಚಿನ ಜೀನುಗಳ ಸಾಲು, ಅಂತ ಹೊರಗಿಟ್ಟರು. 1965ರಲ್ಲಿ ಇಬ್ಬರಿಗೂ, ಆಂದ್ರೆ ಲ್ವೋಫ್ ಅನ್ನೋ ವಿಜ್ಞಾನಿಗೂ ನೊಬೆಲ್ ಬಂತು. ರಿಪ್ರೆಸರ್ ಕೈಗೆ ಸಿಕ್ಕಿದ್ದು ಅದಾದ ಮೇಲೆ, 1966ರಲ್ಲಿ, ಗಿಲ್ಬರ್ಟ್ ಮತ್ತು ಮುಲ್ಲರ್ ಹಿಲ್ ಅವರಿಗೆ.

ಒಂದು ಕೆಲಸ ಮಾಡು. ಎರಡು ಇನಾಕ್ಯುಲಮ್ ಇಡು, ಒಂದು ಬರೀ ಗ್ಲೂಕೋಸ್‌ನಲ್ಲಿ ಬೆಳೆಸಿದ್ದು, ಇನ್ನೊಂದು ಬರೀ ಲ್ಯಾಕ್ಟೋಸ್‌ನಲ್ಲಿ. ಎರಡನ್ನೂ ಸೆಂಟ್ರಿಫ್ಯೂಜ್ ಮಾಡಿ ಎರಡು ಸಲ ತೊಳೆ, ಹಳೇ ಬ್ರಾತ್ ಜೊತೆಗೆ ಬರಬಾರದು. ಫ್ಲಾಸ್ಕಿಗೆ ಹಾಕುವ ಮೊದಲು ಎರಡರಿಂದಲೂ ಒಂದೊಂದು ಮಿಲಿ ತೆಗೆದು, ಕೋಶದ ಪೊರೆ ತೂತಾಗಲು ಒಂದು ತೊಟ್ಟು ಟೊಲೂಯಿನ್ ಹಾಕಿ ಅಲ್ಲಾಡಿಸಿ, ಓಎನ್‌ಪಿಜಿ (ಆ ಕತ್ತರಿ ಕತ್ತರಿಸಿದರೆ ಬಣ್ಣ ಬಿಡುವ ರಾಸಾಯನಿಕ) ಹಾಕಿ ನೋಡು. ಕತ್ತರಿ ಇದ್ದರೆ ಹಳದಿ ಆಗುತ್ತದೆ.

ಬೆಟ್ಟದಬುಡ

ಒಪ್ಪಿದೆ ಸರ್. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದನ್ನೇ ಇಲ್ಲೂ ಒದರಿದೆ.

ಹಾಲಿನಕ್ಯಾನ್, ಕೋಲಾರ

ನಾನು ಡೇರಿಯಲ್ಲಿ ಕ್ವಾಲಿಟಿ ವಿಭಾಗದವನು. ತಡವಾಗಿ ಬಂದೆ, ಒಂದು ಮಾತು. ಬಾಡೂಟ ತಂಗಳನ್ನ ಅಂತ ಮೇಲೆ ಯಾರೋ ತಮಾಷೆ ಮಾಡಿದ್ದಾರೆ. ಯಾರಿಗೆ ಯಾವುದು ಬಾಡೂಟ ಅನ್ನೋದು ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಗೆ ಬೇರೆ ಸ್ವಾಮಿ. ಇ. ಕೋಲಿ ಕಥೆಯನ್ನು ಎಲ್ಲರ ಮೇಲೂ ಹೊರಿಸಬೇಡಿ.

ಯೋಗರ್ಟ್‌ಗೆ ಹಾಕುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ತಗೊಳ್ಳಿ. ಅದಕ್ಕೆ ಗ್ಲೂಕೋಸ್‌ಗಿಂತ ಲ್ಯಾಕ್ಟೋಸೇ ಇಷ್ಟ, ಅದರ ಮೇಲೇ ಚೆನ್ನಾಗಿ ಬೆಳೆಯುತ್ತದೆ. ಎಷ್ಟೋ ತಲೆಮಾರು ಹಾಲಿನಲ್ಲೇ ಇದ್ದುಬಿಟ್ಟಿದೆ ನೋಡಿ. ಇನ್ನೂ ಮಜಾ ಏನೆಂದರೆ ಲ್ಯಾಕ್ಟೋಸ್ ಒಳಗೆ ತಗೊಂಡು ಕತ್ತರಿಸಿ, ಗ್ಲೂಕೋಸ್ ಭಾಗ ಮಾತ್ರ ತಿಂದು, ಗ್ಯಾಲಕ್ಟೋಸನ್ನು ಹೆಚ್ಚಿನ ತಳಿಗಳು ಹೊರಗೆ ಎಸೆಯುತ್ತವೆ. ಅದೇ ಬಾಗಿಲಿನಲ್ಲಿ ಒಂದು ಗ್ಯಾಲಕ್ಟೋಸ್ ಆಚೆ ಹೋಗುತ್ತದೆ, ಒಂದು ಲ್ಯಾಕ್ಟೋಸ್ ಒಳಗೆ ಬರುತ್ತದೆ. ಖಾಲಿ ಕ್ಯಾನು ಕೊಟ್ಟು ತುಂಬಿದ ಕ್ಯಾನು ತಗೊಂಡ ಹಾಗೆ. ಡಬ್ಬಿಯಲ್ಲಿ ಗ್ಯಾಲಕ್ಟೋಸ್ ಉಳಿಯೋದು ಇದಕ್ಕೇ.

ಒಂದು ಡೌಟು. ಮನೆಯಲ್ಲಿ ನಿನ್ನೆಯ ಮೊಸರಿನಿಂದ ಹೆಪ್ಪು ಹಾಕಿದರೆ ಬೇಗ ಗಟ್ಟಿಯಾಗುತ್ತದಲ್ಲ, ಅದೂ ಈ ಹುಡುಗಿಯ ಲ್ಯಾಕ್ಟೋಸ್ ಬ್ರಾತ್ ಕಥೆಯೇನಾ?

ಹಳೇಮೇಷ್ಟ್ರು

ಅಷ್ಟು ದೂರ ಎಳೆಯಬೇಡಿ. ಹೆಪ್ಪಿನಲ್ಲಿ ಮುಖ್ಯ ಲೆಕ್ಕ ಎಷ್ಟು ಬ್ಯಾಕ್ಟೀರಿಯಾ ಬಿತ್ತು, ಹಾಲು ಎಷ್ಟು ಬೆಚ್ಚಗಿತ್ತು ಅನ್ನೋದು. ಹುಳಿ ಜಾಸ್ತಿಯಾದ ಹಳೇ ಮೊಸರಿನ ಹೆಪ್ಪು ಹಾಕಿ ನೋಡಿ, ಅದೂ ಹಾಲಿನಲ್ಲೇ ಬೆಳೆದದ್ದು, ಆದರೂ ಸತಾಯಿಸುತ್ತದೆ. ಥರ್ಮೋಫಿಲಸ್ ಮಾತು ಮಾತ್ರ ಬಹಳ ಸರಿ.

ತೆಂಗಿನಗರಿ

ಎಲ್ಲರಿಗೂ ಥ್ಯಾಂಕ್ಸ್. ಮತ್ತೆ ಮಾಡಿದೆ! ಶನಿವಾರ ಮಧ್ಯಾಹ್ನ ಲ್ಯಾಬ್ ಖಾಲಿ ಇತ್ತು, ಮೇಷ್ಟ್ರು "ಕೆಮಿಕಲ್ ವೇಸ್ಟ್ ಮಾಡಬೇಡ" ಅಂದು ಕೀ ಕೊಟ್ಟರು.

ಮೊದಲು ಓಎನ್‌ಪಿಜಿ. ಲ್ಯಾಕ್ಟೋಸ್‌ನಲ್ಲಿ ಬೆಳೆಸಿದ ಟ್ಯೂಬು ನಾನು ಟೈಮರ್ ಒತ್ತಿ ತಲೆ ಎತ್ತುವಷ್ಟರಲ್ಲಿ ತಿಳಿ ಹಳದಿ, ಐದು ನಿಮಿಷಕ್ಕೆ ಅರಿಶಿನದ ನೀರು. ಗ್ಲೂಕೋಸ್‌ನದ್ದು ಅರ್ಧ ಗಂಟೆ ಆದರೂ ಬೆಳ್ಳಗೇ ಇತ್ತು. ಆಗಲೇ ಗೊತ್ತಾಗಿಬಿಟ್ಟಿತು.

ಆಮೇಲೆ ಎರಡು ಫ್ಲಾಸ್ಕ್, ಹತ್ತು ನಿಮಿಷಕ್ಕೊಮ್ಮೆ ರೀಡಿಂಗ್. ಫ್ರೆಂಡ್ ಒಬ್ಬಳು ಬರೆದುಕೊಳ್ಳುತ್ತಿದ್ದಳು. ಲ್ಯಾಕ್ಟೋಸ್ ಇನಾಕ್ಯುಲಮ್ ಹಾಕಿದ್ದು: 0.57, 0.62, 0.66, 0.70, 0.76. ನಿಲ್ಲಲೇ ಇಲ್ಲ. ಗ್ಲೂಕೋಸ್ ಇನಾಕ್ಯುಲಮ್ ಹಾಕಿದ್ದು: 0.58, 0.61, 0.62, 0.62, 0.62. ಕ್ಯುವೆಟ್ ಮೇಲೆ ಬೆರಳಚ್ಚು ಬಿದ್ದಿರಬೇಕು ಅಂತ ಒರೆಸಿ ಮತ್ತೆ ಇಟ್ಟೆ, 0.62. ಮಿಷನ್ನೇ ಕೆಟ್ಟಿದೆ ಅಂದುಕೊಂಡು ಬ್ಲಾಂಕ್ ಇಟ್ಟು ನೋಡಿದೆ, ಸೊನ್ನೆ ಸರಿಯಾಗೇ ಇದೆ. ಮುಂದಿನದು 0.63. ಆಮೇಲೆ 0.65, 0.70. ಇಬ್ಬರೂ ಕಿರುಚಿದೆವು, ಪಕ್ಕದ ರೂಮಿನಿಂದ ಅಟೆಂಡರ್ ಅಣ್ಣ ಓಡಿ ಬಂದರು, ಏನೋ ಒಡೆದುಹೋಯ್ತು ಅಂತ.

ಸಪಾಟು ಸುಮಾರು 40 ನಿಮಿಷ. ಸ್ಕೇಲ್ ಇಟ್ಟು ಎಳೆದಷ್ಟು ನೇರ ಇಲ್ಲ, ಕೊನೆಯಲ್ಲಿ ನಿಧಾನಕ್ಕೆ ಎದ್ದಿದೆ. ಒಂದೇ ಗ್ರಾಫ್ ಹಾಳೆಯಲ್ಲಿ ಎರಡು ಬಣ್ಣದಲ್ಲಿ ಹಾಕಿ, ಹಳೇ ರೀಡಿಂಗನ್ನೂ ಪಕ್ಕದಲ್ಲೇ ಅಂಟಿಸಿ ರೆಕಾರ್ಡ್ ಕೊಟ್ಟಿದ್ದೇನೆ. ಮೇಷ್ಟ್ರು ಇನ್ನೂ ಸೈನ್ ಹಾಕಿಲ್ಲ, ಮನೆಗೆ ತಗೊಂಡು ಹೋಗಿದ್ದಾರೆ.

ಒಂದು ಕೇಳಬೇಕಿತ್ತು ಸರ್. ಆ ಕೊನೆಯ ನಿಧಾನದ ಏರು ಯಾಕೆ? ಎಲ್ಲಾ ಕೋಶಗಳೂ ಒಟ್ಟಿಗೆ ಎದ್ದಿದ್ದರೆ ಗೆರೆ ಥಟ್ಟನೆ ಏರಬೇಕಿತ್ತಲ್ವಾ?

ಹಳೇಮೇಷ್ಟ್ರು

ಒಟ್ಟಿಗೆ ಏಳಲ್ಲಮ್ಮ. ಯಾವ ಕೋಶದಲ್ಲಿ ರಿಪ್ರೆಸರ್ ಮೊದಲು ಜಾರಿತೋ, ಯಾವುದರಲ್ಲಿ ಆಗಲೇ ಒಂದೆರಡು ಬಾಗಿಲು ಜಾಸ್ತಿ ಇದ್ದವೋ ಅದು ಮೊದಲು ಏಳುತ್ತದೆ. ಕೆಲವು ಬಹಳ ಹೊತ್ತು ಮಲಗಿಯೇ ಇರುತ್ತವೆ. 1957ರಲ್ಲೇ ನೋವಿಕ್ ಮತ್ತು ವೀನರ್ ಇದನ್ನು ತೋರಿಸಿದ್ದರು. ಪ್ರಚೋದಕ, ಅಂದರೆ ಅಲೋಲ್ಯಾಕ್ಟೋಸ್ ಥರ ಸ್ವಿಚ್ಚು ಹಾಕುವ ವಸ್ತು, ಸ್ವಲ್ಪವೇ ಇದ್ದರೆ ಎಲ್ಲಾ ಕೋಶಗಳೂ ಅರ್ಧಂಬರ್ಧ ಆನ್ ಆಗಲ್ಲ, ಕೆಲವು ಪೂರ್ತಿ ಆನ್, ಉಳಿದವು ಪೂರ್ತಿ ಆಫ್. ನೀನು ನೋಡಿದ 0.62 ಎಲ್ಲರ ಸರಾಸರಿ. ಎದ್ದವರ ಸಂಸಾರ ಬೆಳೆದು ಲೆಕ್ಕಕ್ಕೆ ಸಿಗುವಷ್ಟಾದಾಗ ಮಿಷನ್ನಿಗೆ 0.63 ಕಂಡಿತು.

ಮೇಷ್ಟ್ರು ಸೈನ್ ಹಾಕಿದ ಮೇಲೆ ಆ ಗ್ರಾಫಿನ ಫೋಟೋ ಇಲ್ಲಿ ಹಾಕು.